ಬಿಳಿ ದಾಸವಾಳಕ್ಕೆ ಬಿದ್ದ ದುಂಬಿ

ಆ ದುಂಬಿಗಳನ್ನು ಮನೆಯಲ್ಲಿ ಮೊದಲು ನೋಡಿದವಳು ನಾನೇ. ನೋಡಿ, ಎಷ್ಟು ಚಂದ ಇವೆಯಲ್ಲ ಎಂದುಕೊಂಡವಳೂ ನಾನೇ. ಶ್ರಾವಣ ಆಗಷ್ಟೇ ಹಿಡಿದಿತ್ತು. ಪಾರ್ವತಿನಗರದ ನಮ್ಮ ಮನೆಯ ಮುಂದೆ, ಕಾಂಪೌಂಡಿಗೆ ಒತ್ತಿಕೊಂಡು ಒಂದು ಬಿಳಿ ದಾಸವಾಳದ ಗಿಡವಿದೆ. ಅದರ ಒಂದು ಹೂವಿನೊಳಗೆ ಕಪ್ಪು ಮೈಗೆ ಕಿತ್ತಳೆ ಪಟ್ಟೆ ಬಳಿದುಕೊಂಡ ಎರಡು ದುಂಬಿ ತಲೆ ಹುದುಗಿಸಿ ಕೂತಿದ್ದವು. ಬಿಳಿ ಎಸಳಿನ ಮೇಲೆ ಆ ಬಣ್ಣ ಇಳಕಲ್ ಸೀರೆಯ ದಡಿಯ ಹಾಗೆ ಕಂಡಿತು. ಸಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು ಸಂಜೆ ಮನೆಗೆ ಬಂದು ನೋಡುತ್ತೇನೆ, ಆ ಹೂವಿನಲ್ಲಿ ತೊಟ್ಟು ಬಿಟ್ಟರೆ ಏನೂ ಉಳಿದಿಲ್ಲ. ಎಸಳನ್ನೆಲ್ಲ ಕುರುಕು ತಿಂಡಿಯಂತೆ ಮೇಯ್ದು, ಪಕ್ಕದ ಹೂವಿಗೆ ಹೋಗಿ ಕೂತಿದ್ದವು. ವಾರ ಕಳೆಯುವುದರೊಳಗೆ ಊರಿನ ದುಂಬಿಗಳಿಗೆಲ್ಲ ಸುದ್ದಿ ಮುಟ್ಟಿದಂತೆ ಗಿಡದ ತುಂಬ ಅವೇ ಆದವು.

ಒಂದು ಗಿಡಕ್ಕೆ ಹುಳ ಬಿದ್ದರೆ ಅಷ್ಟೊಂದು ಏನಮ್ಮ ಎಂದು ನೀವು ಕೇಳಬಹುದು. ನಮ್ಮ ಅತ್ತೆಯ ಮುಂದೆ ಕೇಳಬೇಡಿ. ಆ ಗಿಡದ ಕಡ್ಡಿಯನ್ನು ಹಲಕುಂದಿ ಮಠದ ಅಂಗಳದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟವರು ಅವರು. ನಮ್ಮ ಮನೆತನದಲ್ಲಿ ಕೊರಳಿಗೆ ಲಿಂಗ ಕಟ್ಟಿಕೊಂಡವರೇ ಎಲ್ಲರೂ. ನನ್ನ ಹಾಗೆ ಕಟ್ಟಿಕೊಂಡು ಮರೆತವರೇ ಹೆಚ್ಚು. ಅತ್ತೆ ಹಾಗಲ್ಲ. ಬೆಳಕು ಮೂಡುವ ಹೊತ್ತಿಗೆ ಜಳಕ ಮುಗಿಸಿ, ತಾವೇ ಹೂ ಹರಿದು, ದೇವರ ಕೋಣೆಯ ಪೂಜಾ ಜಗಲಿಯ ಮುಂದೆ ಕೂತು ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಳ್ಳುತ್ತಾರೆ. ಅದಕ್ಕೆ ವಿಭೂತಿ, ಪತ್ರಿ, ಹೂವು ಏರಿಸಿ, ಹೂವಿನ ಮೇಲೆಯೇ ನೀರೆರೆದು, ಆ ನೀರನ್ನು ಬಟ್ಟಲಲ್ಲಿ ಹಿಡಿದು ತೀರ್ಥವೆಂದು ಕುಡಿಯುತ್ತಾರೆ. ಹೂ ಹರಿಯಲು ಕೈ ಚಾಚಿದಾಗಿನಿಂದ ತೀರ್ಥ ಗಂಟಲಿಗೆ ಇಳಿಯುವವರೆಗೆ ಅವರ ಬಾಯಿಂದ ಒಂದು ಮಾತು ಹೊರಡುವುದಿಲ್ಲ, ಯಾರ ಮಾತೂ ಅವರ ಕಿವಿಗೆ ಹೋಗುವುದಿಲ್ಲ. ಒಮ್ಮೆ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ಹಾರಿ ಚಾವಣಿಗೆ ಬಡಿದು, ಬೇಳೆ ಗೋಡೆಗೆಲ್ಲ ಎರಚಿ, ನಾನು ಲಬೋ ಲಬೋ ಎಂದು ಬಾಯಿ ಬಡಿದುಕೊಂಡರೂ ಅವರು ಕತ್ತು ಹೊರಳಿಸಲಿಲ್ಲ. ಪೂಜೆ ಮುಗಿಸಿ ಎದ್ದು ಬಂದು, "ಏನವ್ವಾ, ಬ್ಯಾಳಿ ಜಾಸ್ತಿ ಹಾಕಿದ್ದೇನು?" ಎಂದು ಕೇಳಿದರು.

ಇನ್ನು ಆ ಲಿಂಗ ನೆಲ ಮುಟ್ಟಬಾರದು. ಕೈ ಜಾರಿ ನೆಲಕ್ಕೆ ಬಿದ್ದರೆ ತಮ್ಮ ಪ್ರಾಣವೇ ಬಿದ್ದಂತೆ ಎಂದು ನಂಬಿದವರು ಅವರು. ಹುಳ ಬಾಯಿ ಹಾಕಿದ ಹೂವನ್ನು ಏರಿಸುವುದೂ ಇಲ್ಲ. ಪೇಟೆ ಹೂವು ಬೇಡ, ಯಾರ ಕೈಯಿಂದ ಯಾರ ಕೈಗೆ ಬಂದದ್ದೋ ಏನೋ. ಹೀಗಾಗಿ ಶ್ರಾವಣ ಮಾಸದಲ್ಲಿ ಅತ್ತೆಯ ಲಿಂಗಕ್ಕೆ ಹೂವಿಲ್ಲ ಎಂಬ ಪರಿಸ್ಥಿತಿ ಬಂತು. ದಿನಾ ಬೆಳಿಗ್ಗೆ ಖಾಲಿ ಬುಟ್ಟಿ ಹಿಡಿದು ಗಿಡದ ಮುಂದೆ ನಿಂತ ಅವರ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆಗದ್ದಕ್ಕೆ ನಾನು ರೇಗುತ್ತಿದ್ದೆ. ನನಗೆ ಕನಿಕರ ಬಂದರೂ ಸಿಟ್ಟಿನ ವೇಷದಲ್ಲೇ ಬರುವುದು.

ಮೊದಲ ದಿನ ಬರಿಗೈಯಿಂದಲೇ ದುಂಬಿ ಹಿಡಿದು ಹಿಚುಕಿದೆ. ಅವುಗಳ ಕಾಲಿನ ಸಂದಿಯಿಂದ ಹಳದಿ ರಸ ಒಸರಿತು, ಒರೆಸಿಕೊಂಡು ಸುಮ್ಮನಾದೆ. ಮರುದಿನ ಬೆರಳ ಸಂದಿಯಲ್ಲೆಲ್ಲ ಬಿಸಿ ಎಣ್ಣೆ ಸಿಡಿದಂತೆ ಗುಳ್ಳೆ ಎದ್ದಿದ್ದವು. ಸೀಮೆಸುಣ್ಣ ಹಿಡಿಯಲಾಗದೆ ಮಕ್ಕಳ ಕೈಯಿಂದಲೇ ಬೋರ್ಡಿನ ಮೇಲೆ ಬರೆಯಿಸಿದೆ. ಅತ್ತೆ ಆ ಗುಳ್ಳೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತ, "ಹುಳಕ್ಕೂ ಹೊಟ್ಟಿ ಐತೆವ್ವ, ಸಾಯಿಸಾಕ ಹೋಗಬ್ಯಾಡ. ಓಡಿಸು" ಎಂದರು. ಎಲ್ಲಿಗೆ ಓಡಿಸಲಿ? ಬೇವಿನೆಣ್ಣೆಗೆ ಸೋಪಿನ ನೀರು ಕಲೆಸಿ ಸಿಂಪಡಿಸಿದೆ. ಆ ಕೊಂಬೆಯಿಂದ ಎದ್ದು ಈ ಕೊಂಬೆಗೆ ಬಂದು ಕೂತವು. ಹಳೆಯ ಸೊಳ್ಳೆ ಪರದೆ ಹೊದಿಸಿದೆ. ಒಳಗೆ ಸಿಕ್ಕಿಕೊಂಡವು ಹೊರಗೆ ಹೋಗಲಾಗದೆ ಇನ್ನೂ ನಿಶ್ಚಿಂತೆಯಿಂದ ಉಂಡವು. ನನ್ನ ಗಂಡ ಸೊಳ್ಳೆ ಹೊಡೆಯುವ ಬ್ಯಾಟು ಹಿಡಿದು ಗಿಡದ ಸುತ್ತ ಟೆನಿಸ್ ಆಡಿದರು. ದುಂಬಿಗಿಂತ ಮೊಗ್ಗೇ ಹೆಚ್ಚು ಉದುರಿದವು. ಅವರಿಗೆ ಕೈ ಮುಗಿದು ಒಳಗೆ ಕಳಿಸಿದೆ.

ಸ್ವಲ್ಪವಾದರೂ ಕೆಲಸಕ್ಕೆ ಬಂದ ಉಪಾಯ ಹೇಳಿದವಳು ಪಕ್ಕದ ಮನೆಯಾಕೆ. ಸರ್ಕಾರಿ ಆಫೀಸೊಂದರಲ್ಲಿ ಕೆಲಸ. ಗಂಡ ಪಾಳಿಯ ಮೇಲೆ ಕಾರ್ಖಾನೆಗೆ ಹೋಗುವವರು. ನನಗಿಂತ ಒಂದೆರಡು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಾಳೆ. ಅವಳ ಬೆಂಡೆ ಗಿಡಕ್ಕೂ ಇದೇ ದುಂಬಿ ಬಿದ್ದಿತ್ತು. "ಬೆಳಿಗ್ಗೆ ತಂಪು ಹೊತ್ತಿನಾಗ ಅವು ಹಾರಂಗಿಲ್ರಿ ಅಕ್ಕಾ. ಗಿಡದ ಕೆಳಗ ಛತ್ರಿ ತಲಿಕೆಳಗ ಮಾಡಿ ಹಿಡಿದು ಜಾಡಿಸ್ರಿ. ಆಮೇಲೆ ಸೋಪಿನ ನೀರಿಗೆ ಸುರೀರಿ" ಎಂದಳು. ಅಂದಿನಿಂದ ಕಾಂಪೌಂಡಿನ ಆಚೆ ಅವಳು, ಈಚೆ ನಾನು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಗಿಡ ಜಾಡಿಸುವುದೇ ನಮ್ಮ ಬೆಳಗಿನ ವ್ಯಾಯಾಮವಾಯಿತು. ಇವತ್ತು ತೆಗೆದಷ್ಟೇ ನಾಳೆ ಎಲ್ಲಿಂದಲೋ ಹಾರಿ ಬರುತ್ತಿದ್ದವು. ಆದರೂ ದಿನಕ್ಕೆ ಮೂರು ನಾಲ್ಕು ಹೂವು ಅತ್ತೆಗೆ ಉಳಿಯತೊಡಗಿದವು.

ಅತ್ತೆಗೆ ಇದರಲ್ಲೂ ಒಂದು ತಕರಾರು. "ಹುಳ ಬಂದದ್ದೇ ಆಕಿ ಬೆಂಡಿ ಗಿಡದಿಂದ" ಎಂದು ಒಳಗೆ ಬಂದು ಪಿಸುಗುಟ್ಟುತ್ತಿದ್ದರು. ಬೆಂಡೆ ಗಿಡ ಎನ್ನುವುದು ನೆಪ. ಪಕ್ಕದ ಮನೆಯವರು ಬುದ್ಧನ ಪಟಕ್ಕೆ ದೀಪ ಹಚ್ಚುವವರು. ಅವರ ಅಜ್ಜಂದಿರನ್ನು ಊರ ಹೊರಗೆ ಇಟ್ಟಿದ್ದವರು ನಮ್ಮಂಥವರ ಅಜ್ಜಂದಿರೇ. ಮಠಕ್ಕೆ ಹೋಗಿ, ಎಲ್ಲರೊಳಗೂ ಇರುವ ಲಿಂಗ ಒಂದೇ ಎಂದು ಸ್ವಾಮಿಗಳು ಹೇಳಿದರೆ ತಲೆದೂಗಿ ಬರುವ ಅತ್ತೆ, ಆಕೆ ಬಂದರೆ ಮಾತ್ರ ವರಾಂಡದಲ್ಲೇ ಕುರ್ಚಿ ಹಾಕಿಸುತ್ತಾರೆ. ಮಾತು ಬಹಳ ಮೆತ್ತಗೆ, ಚಹಾವೂ ಕೊಡುತ್ತಾರೆ. ಆದರೆ ವರಾಂಡ ದಾಟಿ ಒಳಗೆ ಬಾ ಎಂದು ಒಂದು ದಿನವೂ ಅಂದವರಲ್ಲ.

ಹೂವಿನ ಬರಗಾಲ ನೋಡಿ ಆಕೆ ಒಂದು ದಿನ ತಮ್ಮ ಅಂಗಳದ ನಂದಿಬಟ್ಟಲು ಹೂವನ್ನು ಬಾಳೆಲೆಯಲ್ಲಿ ಕಟ್ಟಿ ಗೋಡೆಯ ಮೇಲಿಂದ ಕೊಟ್ಟಳು. "ಇದಕ್ಕ ಹುಳ ಮುಟ್ಟಿಲ್ಲಮ್ಮಾ, ಪೂಜಿಗಿ ತಗೋರಿ" ಎಂದಳು. ಅತ್ತೆ ಎರಡೂ ಕೈಯಿಂದ ತೆಗೆದುಕೊಂಡು "ನೂರು ವರ್ಷ ಬಾಳವ್ವ" ಎಂದರು. ತೆಗೆದುಕೊಂಡು ಹೋಗಿ ವರಾಂಡದ ಕಿಟಕಿಯಲ್ಲಿ ತಂಬಿಗೆ ನೀರಿನಲ್ಲಿ ಚಂದವಾಗಿ ಜೋಡಿಸಿಟ್ಟರು. ಜಗಲಿಯತ್ತ ಒಂದು ಎಸಳೂ ಹೋಗಲಿಲ್ಲ. ಸಂಜೆ ಆಕೆ ಆಫೀಸಿನಿಂದ ಬರುವಾಗ ಆ ತಂಬಿಗೆ ನೋಡಿದಳು. ನೋಡಿದ್ದನ್ನು ನಾನು ನೋಡಿದೆ. ತಮ್ಮ ಗೇಟು ತೆಗೆದು ಒಳಗೆ ಹೋದಳು. ಆ ರಾತ್ರಿ ಅತ್ತೆಯ ಜೊತೆ ನಾನು ಆಡಿದ ಜಗಳಕ್ಕೆ ಬೀದಿಯ ನಾಯಿಗಳೂ ಸುಮ್ಮನಾಗಿರಬೇಕು. ಅತ್ತೆ ಕೊನೆಗೆ ಹೇಳಿದ್ದು ಇಷ್ಟೇ: "ನನಗ ಹಂಗ ರೂಢಿ ಆಗೇತಿ. ಈಗ ಬದಲಾಗು ಅಂದ್ರ ಎಲ್ಲಿ ಬದಲಾಗಲಿ?"

ನಮ್ಮ ಮೈದುನ ದೇಶನೂರಿನಲ್ಲಿ ಭತ್ತ ಬೆಳೆಯುತ್ತಾನೆ. ಕೆಲಸವೆಂದರೆ ಹಿಂದೆ ಮುಂದೆ ನೋಡುವವನಲ್ಲ, ಅದೇ ಅವನ ಗುಣ, ಅದೇ ಅವಗುಣ. ಶ್ರಾವಣದ ಒಂದು ಭಾನುವಾರ, ನಮ್ಮ ತಂಗಿಯ ಮಗಳ ಕೂಸಿಗೆ ಹೆಸರಿಡುವ ಕಾರ್ಯವೆಂದು ನಾನು, ನನ್ನ ಗಂಡ ನನ್ನ ತವರು ಕುರುಗೋಡಿಗೆ ಹೋದೆವು. ಅತ್ತೆ ಬರಲಿಲ್ಲ. ಮರುದಿನ ಶ್ರಾವಣ ಸೋಮವಾರ, ಜಗಲಿ ಬಿಟ್ಟು ಬರುವುದುಂಟೇ. ಅಂದು ಸಂಜೆ ಅವರು ಓಣಿಯ ಹೆಂಗಸರ ಜೊತೆ ಹಲಕುಂದಿ ಮಠಕ್ಕೆ ಹೋದ ಹೊತ್ತಿಗೆ ಮೈದುನ ನಮ್ಮ ಮನೆಗೆ ಬಂದಿದ್ದಾನೆ. ಕೆಟ್ಟಿದ್ದ ಸಿಂಪಡಿಸುವ ಪಂಪು ರಿಪೇರಿ ಮಾಡಿಸಲು, ಭತ್ತದ ಹುಳಕ್ಕೆ ಔಷಧಿ ಕೊಳ್ಳಲು ಬಳ್ಳಾರಿಗೆ ಬಂದವನು. ಬೀಗ ಹಾಕಿದ ಮನೆ, ಗೇಟು ಮಾತ್ರ ತೆರೆದಿದೆ, ಎದುರಿಗೆ ಹುಳ ಮುತ್ತಿದ ತಾಯಿಯ ಪ್ರೀತಿಯ ಗಿಡ. ಕೈಯಲ್ಲಿ ಪಂಪು, ಚೀಲದಲ್ಲಿ ವಿಷ. ಅವನಿಗೆ ಇನ್ನೇನು ಬೇಕು?

ಸೋಮವಾರ ಬೆಳಿಗ್ಗೆ ಕುರುಗೋಡಿನಲ್ಲಿ ಎದ್ದು, ಚಹಾದ ಲೋಟ ಪಕ್ಕದಲ್ಲಿಟ್ಟುಕೊಂಡು ಮೊಬೈಲು ತೆಗೆದೆ. ಕಾರ್ಯದ ಗಲಾಟೆಯಲ್ಲಿ ಅದು ಹಿಂದಿನ ಸಂಜೆಯೇ ಬ್ಯಾಟರಿ ಸತ್ತು ಬಿದ್ದಿತ್ತು. ಚಾರ್ಜಿಗೆ ಹಾಕಿ ಮಲಗಿದ್ದೆ. ಮೈದುನನ ಧ್ವನಿ ಸಂದೇಶ ಬಂದಿತ್ತು. ಹಿನ್ನೆಲೆಯಲ್ಲಿ ಬಸ್ಸಿನ ಸದ್ದು.

"ಅತ್ತಿಗೀ, ಗಿಡಕ್ಕ ಎಣ್ಣಿ ಹೊಡದೀನಿ. ಪಂಪು ಸರಿ ಆಗೇತೋ ಇಲ್ಲೋ ನೋಡಿದಂಗೂ ಆತು, ಅವ್ವನ ಹೂವು ಉಳಿಸಿದಂಗೂ ಆತು. ಒಂದು ಹುಳಾನೂ ಉಳಿಯಂಗಿಲ್ಲ ನೋಡ್ರಿ. ಆದ್ರ ಹತ್ತು ದಿನ ಹೂವು ಯಾರೂ ಮುಟ್ಟಬ್ಯಾಡ್ರಿ, ಕಡಕ್ ಎಣ್ಣಿ ಐತಿ. ಅವ್ವ ಫೋನ್ ಎತ್ತವಲ್ಲಳು, ನೀವ ಆಕಿಗಿ ಹೇಳ್ರಿ. ಗದ್ದಿಗಿ ನಾಲಿ ನೀರಿನ ಪಾಳಿ ಐತಿ, ಬಸ್ ಹತ್ತೀನಿ."

ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣೆ ಎಂದೇ ಹೆಸರು. ಆ ಎಣ್ಣೆ ಎಂಥದ್ದೆಂದು ಹಳ್ಳಿಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊರಗೆ ನೋಡಿದೆ. ಬೆಟ್ಟದ ಬಂಡೆಗಳ ಮೇಲೆ ಬಿಸಿಲು ಬಿದ್ದಿತ್ತು. ಅಂದರೆ ಅತ್ತೆ ಹೂ ಹರಿದಾಗಿದೆ, ಪೂಜೆಗೆ ಕೂತಾಗಿದೆ. ಅವರಿಗೆ ವಾಸನೆಯೂ ಗೊತ್ತಾಗುವುದಿಲ್ಲ. ಹಿಂದೊಮ್ಮೆ ಬಂದ ಕೆಟ್ಟ ಜ್ವರದಲ್ಲಿ ಹೋದ ಮೂಗು ತಿರುಗಿ ಬಂದೇ ಇರಲಿಲ್ಲ, ಹಾಲು ಸೀದರೂ ನಾನೇ ಕೂಗಿ ಹೇಳಬೇಕು. ಅದಕ್ಕಿಂತ ಕೆಟ್ಟ ಯೋಚನೆ ಆಮೇಲೆ ಬಂತು. ದುಂಬಿಗಳೆಲ್ಲ ಸತ್ತಿರುತ್ತವೆ. ಇವತ್ತು ಗಿಡದ ತುಂಬ ಒಂದು ಕಚ್ಚೂ ಇಲ್ಲದ ಹೂವು ಅರಳಿರುತ್ತವೆ. ಶ್ರಾವಣ ಸೋಮವಾರ ಶಿವನೇ ಕಣ್ಣು ಬಿಟ್ಟನೆಂದು ಅತ್ತೆ ಬುಟ್ಟಿ ತುಂಬ ಹರಿದಿರುತ್ತಾರೆ.

ಅತ್ತೆಯ ಮೊಬೈಲಿಗೆ ಫೋನ್ ಮಾಡಿದೆ. ಅದು ಅಡುಗೆಮನೆಯ ಗೂಡಿನಲ್ಲಿ ಬಡಕೊಳ್ಳುತ್ತಿರುತ್ತದೆ, ಅವರು ಎತ್ತುವುದಿಲ್ಲ ಎಂದು ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ. ಗಂಡನನ್ನು ಎಬ್ಬಿಸಿ ಕಾರಿನ ಕೀಲಿ ಕೈಗೆ ತುರುಕಿದೆ. ಚಪ್ಪಲಿ ಹಾಕಿಕೊಂಡೆನೋ ಇಲ್ಲವೋ ನೆನಪಿಲ್ಲ. ಕಾರು ಹೊರಡುತ್ತಿದ್ದಂತೆ ಪಕ್ಕದ ಮನೆಯಾಕೆಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಅಂದು ನಮ್ಮ ಓಣಿಗೆ ನಳದ ನೀರು ಬಿಡುವ ದಿನ. ನೀರು ಬಿಟ್ಟಾಗ ನಮ್ಮಲ್ಲಿ ಮೋಟರಿನ ಸದ್ದಿಗೆ ಮೊಬೈಲಲ್ಲ, ಎದುರಿಗೆ ನಿಂತು ಕೂಗಿದರೂ ಕೇಳಿಸದು. ಎತ್ತವ್ವಾ, ಎತ್ತವ್ವಾ ಎಂದು ಬಾಯಿಬಿಟ್ಟು ಬೇಡಿಕೊಳ್ಳುತ್ತ ಕೂತೆ. ಮೂವತ್ತರ ಮೇಲೆ ಮುಳ್ಳು ಏರಿದರೆ ಪಾಪ ಬರುತ್ತದೆ ಎಂಬಂತೆ ಕಾರು ಓಡಿಸುವ ನನ್ನ ಗಂಡ ಅಂದು ತಗ್ಗು ದಿನ್ನೆ ನೋಡದೆ ಓಡಿಸುತ್ತಿದ್ದರು. ಅವರ ಮುಖ ಬೂದಿಯಾಗಿತ್ತು.

ಕೊನೆಗೆ ಎತ್ತಿದಳು. "ಅಕ್ಕಾ, ನೀರು ಹಿಡಿಯಾಕತ್ತಿದ್ದೆ. ಏನ್ರಿ ಇಷ್ಟು ಜಲ್ದಿ?"

"ನಮ್ಮ ಮನಿಗಿ ಓಡ್ರಿ. ಗಿಡಕ್ಕ ನಿನ್ನಿ ವಿಷ ಹೊಡದಾರ. ಅತ್ತಿ ಅದೇ ಹೂವು ತಗೊಂಡು ಪೂಜಿಗಿ ಕುಂತಾರ. ಆ ನೀರು ಕುಡದ್ರ ಸಾಯ್ತಾರ. ಓಡ್ರಿ!"

ಅವಳು ಓಡಿದ ಸದ್ದು ಕೇಳಿಸಿತು. ಗೇಟು ಕಿರುಗುಟ್ಟಿತು, ನಮ್ಮದೇ ಗೇಟು. "ಅಮ್ಮಾ! ಅಮ್ಮಾ!" ಎಂದು ಕೂಗಿದಳು. ಮತ್ತೆ ಕೂಗಿದಳು. ಆಮೇಲೆ ಫೋನಿಗೆ ಬಂದು, ಮೇಲುಸಿರು ಬಿಡುತ್ತ, "ಬಾಗಿಲಾ ತಗದೈತಿ ಅಕ್ಕಾ. ಇಲ್ಲಿಂದ ಕಾಣ್ತಾರ. ನನ್ನ ನೋಡಿದ್ರು. ಹೋಗು ಅಂತ ಕೈ ಮಾಡಾಕತ್ತಾರ" ಎಂದಳು.

"ಮಾತಾಡಂಗಿಲ್ಲ ಅವರು. ಕೇಳಂಗೂ ಇಲ್ಲ. ನೀವು ಒಳಗ ಹೋಗ್ರಿ."

"ಒಳಗಂದ್ರ..."

"ಜಗಲಿ ತನಕ ಹೋಗ್ರಿ! ಕೈಯಾಗಿಂದು ಕಸೀರಿ!"

ಅವಳ ಹೆಜ್ಜೆ ಹೊಸ್ತಿಲ ಹತ್ತಿರ ನಿಂತಿತು. ಎಷ್ಟು ಹೊತ್ತೋ, ಒಂದು ಉಸಿರಿನಷ್ಟು ಇರಬಹುದು. ನನಗೆ ಅದು ಇಡೀ ಕುರುಗೋಡಿನ ರಸ್ತೆಗಿಂತ ಉದ್ದ ಅನಿಸಿತು.

"ನಾನ ಹೋಗ್ಲೇನ್ರಿ ಅಕ್ಕಾ?" ಎಂದಳು ಅವಳು. "ದೇವರ ಕೋಣಿಗ್ರಿ?"

ಆ ಪ್ರಶ್ನೆಗೆ ನನ್ನ ಮೈಯೆಲ್ಲ ಉರಿದುಹೋಯಿತು. ಅವಳ ಮೇಲಲ್ಲ. ನೀರು ಬಿಟ್ಟು, ಚಪ್ಪಲಿ ಬಿಟ್ಟು ಓಡಿ ಬಂದವಳು ಹೊಸ್ತಿಲಲ್ಲಿ ನಿಂತು ಅಪ್ಪಣೆ ಕೇಳುವಂತೆ ಮಾಡಿದ್ದು ನಮ್ಮ ಮನೆ. ವಿಷ ತುಟಿಗೆ ಬಂದ ಹೊತ್ತಿನಲ್ಲೂ ಅವಳಿಗೆ ನೆನಪಾಗುವಷ್ಟು ಗಟ್ಟಿಯಾಗಿ ನಾವು ಆ ಪಾಠ ಕಲಿಸಿದ್ದೆವು. ನಾನು ಕಿರುಚಿದೆ. "ಹೋಗವ್ವಾ! ನಿನ್ನ ಕಾಲಿಗಿ ಬೀಳ್ತೀನಿ, ಹೋಗು!"

"ಆಮೇಲೆ ನನಗ ಯಾರೂ ಒಂದು ಮಾತು ಅನ್ನಬಾರದು ನೋಡ್ರಿ" ಎಂದಳು. ಧ್ವನಿ ಬದಲಾಗಿತ್ತು. ಬರಿಗಾಲಿನ ಹೆಜ್ಜೆ ಕೇಳಿಸಿತು. ಗಂಟೆಯೋ ತಟ್ಟೆಯೋ ಉರುಳಿದ ಸದ್ದು, ಒಂದು ಚೀತ್ಕಾರ. ಅದು ಅತ್ತೆಯದೋ ಆಕೆಯದೋ ತಿಳಿಯಲಿಲ್ಲ. ಮೊಬೈಲು ನೆಲಕ್ಕೆ ಬಡಿದ ಸದ್ದು. ಅಲ್ಲಿಗೆ ಕರೆ ಕಡಿದುಹೋಯಿತು.

ತಿರುಗಿ ಮಾಡಿದರೆ ಆ ನಂಬರು ಹತ್ತಲೇ ಇಲ್ಲ. ಮುಂದೆ ಭತ್ತದ ಹೊಟ್ಟು ತುಂಬಿದ ಲಾರಿಯೊಂದು ರಸ್ತೆಯನ್ನೆಲ್ಲ ತನ್ನದೇ ಎಂದು ಹೋಗುತ್ತಿತ್ತು. ಗಂಡ ಹಾರ್ನಿನ ಮೇಲೆ ಕೈ ಇಟ್ಟವರು ತೆಗೆಯಲಿಲ್ಲ. ಇನ್ನೊಂದು ಕೈಯಲ್ಲಿ ತಮ್ಮನಿಗೆ ಫೋನ್ ಮಾಡಲು ಹೋದರು, ಕಸಿದುಕೊಂಡು ನಾನೇ ಮಾಡಿದೆ. ಕಾಲುವೆಯ ದಂಡೆಯ ಮೇಲಿದ್ದನಂತೆ. "ಹೇಳೀನಲ್ಲ ಅತ್ತಿಗೀ, ಹತ್ತು ದಿನ ಮುಟ್ಟಬ್ಯಾಡ್ರಿ ಅಂತ?" ಎಂದ. ಲೇ, ನಿಮ್ಮವ್ವ ಅದರ ನೀರು ಕುಡೀತಾಳಲ್ಲೋ ಎಂದೆ. ಆ ದೊಡ್ಡ ಗಂಡಸು ಸಣ್ಣ ಹುಡುಗನಂತೆ ಅಳತೊಡಗಿದ. ಅಮ್ಮ ದಿನಾ ಆ ಹೂವಿನ ಮೇಲೆ ನೀರೆರೆದು ಕುಡಿಯುವುದನ್ನು ಹುಟ್ಟಿದಾಗಿನಿಂದ ನೋಡಿದವನು ಅವನು. ಹೂವು ಮುಟ್ಟಬೇಡಿ ಎಂದು ಹೇಳುವುದು ಹೊಳೆದಿತ್ತು. ಸಂದೇಶ ನಾನು ಬೆಳಿಗ್ಗೆ ಕೇಳಬಹುದು ಎನ್ನುವುದು ಹೊಳೆದಿರಲಿಲ್ಲ. ಕೈಗೆ ಮೈಗೆ ಹತ್ತಿದ್ದರೆ ಸೋಪು ಹಚ್ಚಿ ತೊಳೆಯಬೇಕು, ವಾಂತಿ ಬಂದರೆ ತಡಮಾಡದೆ ದವಾಖಾನೆಗೆ ಒಯ್ಯಬೇಕು ಎಂದು ಅಳುತ್ತಲೇ ಹೇಳಿದ.

ಮದುವೆಯಾಗಿ ಬಂದಾಗಿನಿಂದ ಅತ್ತೆಯೊಂದಿಗೆ ನಾನು ಜಗಳಾಡದ ದಿನ ಕಡಿಮೆ. ಉಪ್ಪಿಗೆ ಜಗಳ, ಟೀವಿಗೆ ಜಗಳ, ಈಗ ಹಾಸ್ಟೆಲಿನಲ್ಲಿರುವ ಮಗಳ ಜಡೆ ಹೆಣೆಯುವುದಕ್ಕೂ ಜಗಳ. ನನಗೆ ಟೈಫಾಯ್ಡ್ ಬಂದಾಗ ರಾತ್ರಿಯೆಲ್ಲ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, "ಸತ್ತುಗಿತ್ತೀಯ ನೋಡು, ಯಾರ ಕೂಡ ಜಗಳಾಡಲಿ ನಾನು?" ಎಂದು ಗದರಿಸಿದವರು ಅವರು. ಆ ಮಾತು ಕಾರಿನಲ್ಲಿ ನನ್ನ ಎದೆಗೆ ಬಂದು ಒದೆಯಿತು. ಅವರ ಮೇಲೆ ನನಗಿದ್ದದ್ದು ಪ್ರೀತಿಯೇ ಎಂದು ಒಪ್ಪಿಕೊಳ್ಳಲು ಬೇರೆ ದಿನವೇ ಸಿಗಲಿಲ್ಲ ನನಗೆ. ಮುಖ ಮುಚ್ಚಿಕೊಂಡು ಬಿಕ್ಕಿದೆ. ಗಂಡ ಲಾರಿಯನ್ನು ಎಡಗಡೆಯಿಂದ ದಾಟಿದರು.

ನಮ್ಮ ಓಣಿಯ ತುಂಬ ನೀರು ಹರಿಯುತ್ತಿತ್ತು. ಪಕ್ಕದ ಮನೆಯ ಡ್ರಮ್ಮು ತುಂಬಿ, ಮೋಟರು ಹಾಗೇ ಓಡುತ್ತ, ನೀರು ಗೇಟಿನ ಕೆಳಗಿಂದ ಬೀದಿಗೆ ಬಂದಿತ್ತು. ಅಂದರೆ ಅವಳು ತಿರುಗಿ ಮನೆಗೆ ಹೋಗಿಲ್ಲ. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯಲಿಲ್ಲ. ಗೇಟು ದೂಡಿದೆ. ಗಿಡದ ಬುಡದಲ್ಲಿ ದುಂಬಿಗಳು ಅಂಗಾತ ಬಿದ್ದಿದ್ದವು, ಕೆಲವು ಇನ್ನೂ ಕಾಲು ಆಡಿಸುತ್ತಿದ್ದವು. ಗಿಡದಲ್ಲಿ ಒಂದೇ ಒಂದು ಹೂವಿರಲಿಲ್ಲ. ಎಲ್ಲವನ್ನೂ ಹರಿದಿದ್ದರು.

"ಅತ್ತೀ!" ಎಂದು ಕೂಗುತ್ತ ಒಳಗೆ ನುಗ್ಗಿದೆ. ನಡುಮನೆಯಲ್ಲಿ ನೀರು ಚೆಲ್ಲಿತ್ತು. ಬಿಳಿ ಹೂವು ಗೋಡೆಯ ತನಕ ಚದುರಿದ್ದವು, ಬಟ್ಟಲು ಬಾಗಿಲ ಹಿಂದೆ ಬೋರಲು ಬಿದ್ದಿತ್ತು. ಬಚ್ಚಲಿನಲ್ಲಿ ನೀರು ಸುರಿದುಕೊಳ್ಳುವ ಸದ್ದು. ಬಚ್ಚಲ ಬಾಗಿಲು ಬಡಿದೆ.

"ಅತ್ತೀ, ಕುಡದ್ರೇನ್ರಿ? ಕುಡದ್ರೇನ್ರಿ?"

"ಇಲ್ಲ ಬಿಡವ್ವ" ಎಂದರು ಒಳಗಿನಿಂದ, ನಿಧಾನವಾಗಿ. "ಬಟ್ಟಲಾ ತುಟಿಗಿ ಹಚ್ಚಿದ್ದೆ. ಕುಡ್ಯಾಕ ಬಿಡ್ಲಿಲ್ಲ ಆಕಿ. ಬಾಯಿ ತೊಳಕಂಡೀನಿ. ಮೈನೂ ತೊಳಕಳ್ಳಾಕತ್ತೀನಿ. ಬಾಗಿಲಾ ಬಡೀಬ್ಯಾಡ, ಚಿಲಕ ಮುರಿದೀತು."

ಬಾಗಿಲಿಗೆ ಒರಗಿ ನಿಂತೆ. ಹಿಂದೆ ಬಂದ ನನ್ನ ಗಂಡ ಅಮ್ಮನ ದನಿ ಕೇಳಿ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ಆಗ ಜಗಲಿಯ ಕಡೆ ನೋಡಿದೆ.

ಅವಳು ಅಲ್ಲಿ ಕೂತಿದ್ದಳು. ಅತ್ತೆಯ ಮಣೆಯ ಪಕ್ಕ, ಬರಿ ನೆಲದ ಮೇಲೆ, ಚಕ್ಕಳಮಕ್ಕಳ ಹಾಕಿಕೊಂಡು, ಬೆನ್ನು ನೆಟ್ಟಗೆ. ನೈಟಿಯ ಮೇಲೆ ಹೊದ್ದಿದ್ದ ಟವೆಲು ಅರ್ಧ ಜಾರಿತ್ತು, ಕೂದಲು ಮುಖಕ್ಕೆ ಬಿದ್ದಿತ್ತು, ಎರಡನ್ನೂ ಸರಿಮಾಡಿಕೊಂಡಿರಲಿಲ್ಲ. ಎಡಗೈ ಎದೆಯ ಎತ್ತರಕ್ಕೆ ಚಾಚಿ ಅಂಗೈ ಬಿಚ್ಚಿದ್ದಳು. ಅಂಗೈಯಲ್ಲಿ ಅತ್ತೆಯ ಲಿಂಗವಿತ್ತು. ಬಲಗೈಯಿಂದ ಎಡಗೈಯ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಬಟ್ಟಲಾ ಬಡದೆ ಅಕ್ಕಾ" ಎಂದಳು, ಕಣ್ಣು ಅಂಗೈಯಿಂದ ಎತ್ತದೆ. "ಅಮ್ಮ ಬೆದರಿದ್ರು. ಅವರ ಎಡಗೈಯಾಗಿಂದು ಜಾರ್ತು. ನೆಲಕ್ಕ ಬೀಳೂದ್ರಾಗ ಹಿಡದೆ. ಹೆಂಗ ಹಿಡದೆ ನನಗ ಗೊತ್ತಿಲ್ಲ. ವಿಷ ಐತಮ್ಮಾ ಅಂದೆ. ಅಮ್ಮ ನನ್ನ ಮುಖಾನೇ ನೋಡಿದ್ರು. ಅದನ್ನ ನೋಡಿದ್ರು. ಇಸಗೊಳ್ಳಾಕ ಕೈ ಚಾಚಿದ್ರು, ತಮ್ಮ ಕೈ ವಿಷದ ನೀರಾಗ ಒದ್ದಿ ಆಗೇತಿ ಅಂತ ಹಿಂದ ತಗೊಂಡ್ರು. 'ಕೆಳಗ ಇಡಬ್ಯಾಡವ್ವ. ನಾ ಬರೂತನಕ ಕೈಯಾಗ ಹಿಡಕಂಡಿರು' ಅಂದ್ರು. ಅಡಿಗಿಮನಿ ನಳಕ್ಕ ಹೋಗಿ ಸೋಪು ಹಚ್ಚಿ ತೊಳದೀನ್ರಿ, ಕೈನೂ, ಇದನ್ನೂ. ಪಾತ್ರಿ ಸೋಪು ಇತ್ತು. ತಪ್ಪಾತೇನ್ರಿ?"

ನಗು ಬಂತು, ಅಳುವೂ ಬಂತು. ಎರಡರಲ್ಲಿ ಯಾವುದನ್ನು ಮಾಡಿದೆನೋ ತಿಳಿಯದು. ಅವಳ ಪಕ್ಕ ಕೂತೆ. ಆಕೆಯ ತೋಳು ಭುಜದಿಂದ ಬೆರಳವರೆಗೆ ಮರಗಟ್ಟಿದ್ದು ಕಣ್ಣಿಗೇ ಕಾಣುತ್ತಿತ್ತು. ಜಗಲಿಯ ಮೇಲೆ ಲಿಂಗ ಇಡುವ ಬೆಳ್ಳಿಯ ಕರಡಿಗೆ ಬಾಯಿ ತೆರೆದುಕೊಂಡೇ ಇತ್ತು. ಅದರೊಳಗೆ ಇಟ್ಟುಬಿಡಬಹುದಾಗಿತ್ತು. ಆ ಯೋಚನೆ ಅವಳಿಗೂ ಬಂದಿರಬೇಕು, ಆದರೆ ಕೈಯಲ್ಲೇ ಹಿಡಿದಿರು ಎಂದಿದ್ದಾರಲ್ಲ.

"ಕೊಡವ್ವ, ನಾ ಹಿಡೀತೀನಿ" ಎಂದು ನನ್ನ ಅಂಗೈ ಚಾಚಿದೆ. "ನಿನ್ನ ಕೈ ಸೋತಾವು. ಹೋಗು, ನೀರು ಬಂದ್ ಮಾಡು. ಓಣಿ ತುಂಬ ಹರಿಯಾಕತ್ತೈತಿ."

ಅವಳು ಕೈಯನ್ನು ನನ್ನಿಂದ ಸ್ವಲ್ಪ ಆಚೆಗೆ ಸರಿಸಿದಳು. ಮೊದಲ ಸಲ ಮುಖ ಎತ್ತಿ ನನ್ನನ್ನು ನೋಡಿದಳು.

"ಹರೀಲಿ ಬಿಡ್ರಿ ಅಕ್ಕಾ" ಎಂದಳು. "ಅಮ್ಮ ನನ್ನ ಕೈಯಾಗ ಬಿಟ್ಟಾರ. ಅವರ ಬಂದು ನನ್ನ ಕೈಯಿಂದ ತಗೊಳ್ಲಿ."

ಬಚ್ಚಲಿನ ಚಿಲಕ ತೆಗೆದ ಸದ್ದಾಯಿತು. ಅತ್ತೆ ಒದ್ದೆ ಕೂದಲಿನಲ್ಲಿ, ಮಡಿಸೀರೆ ಸುತ್ತಿಕೊಂಡು ಬಂದರು. ಕೈಯಲ್ಲಿ ತಟ್ಟೆಯೊಂದಿತ್ತು, ಬೇರೆಯವರ ಕೈ ಸೋಕಿದ ಲಿಂಗವನ್ನು ಅದರಲ್ಲಿ ಇಡಿಸಿ, ನೀರು ಹಾಕಿ ತೊಳೆದು, ಆಮೇಲೆ ಮುಟ್ಟುವುದು ಅವರ ರೀತಿ. ನನಗೆ ಅದು ಗೊತ್ತಿತ್ತು. ಅವಳಿಗೂ ಗೊತ್ತಿತ್ತೆಂದು ಅವಳ ಮುಖದಲ್ಲಿ ಕಂಡಿತು. ಅತ್ತೆ ತಟ್ಟೆ ನೋಡಿದರು, ಆ ಚಾಚಿದ ಅಂಗೈ ನೋಡಿದರು. ತಟ್ಟೆಯನ್ನು ಗೋಡೆಗೆ ಒರಗಿಸಿಟ್ಟು, ಮಂಡಿ ಹಿಡಿದುಕೊಂಡು ನಿಧಾನವಾಗಿ ಅವಳ ಎದುರಿಗೆ ಕೂತರು.

"ಕೊಡವ್ವ" ಎಂದು ತಮ್ಮ ಅಂಗೈ ಚಾಚಿದರು.

ಆಕೆಯ ಕೈ ಮಡಚಲೇ ಬರಲಿಲ್ಲ. ಅತ್ತೆ ಬಲಗೈಯಿಂದ ಅವಳ ಮುಂಗೈ ಹಿಡಿದು, ಹಗುರಾಗಿ ವಾಲಿಸಿ, ಲಿಂಗವನ್ನು ತಮ್ಮ ಅಂಗೈಗೆ ಇಳಿಸಿಕೊಂಡರು. ಇಳಿಸಿಕೊಂಡ ಮೇಲೂ ಆ ಮುಂಗೈ ಬಿಡದೆ, ಅದರ ಮರಗಟ್ಟಿದ ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತ ಕೂತರು.